ಪ್ರಾಣದ ಹಕ್ಕು ಯಾರ ಕೊಡುಗೆ?

ರಾಜ್ಯಾಧಿಕಾರವು ಪ್ರಜೆಗಳ ಸಮ್ಮತಿಯಿಂದ ಹುಟ್ಟುವುದೆಂಬುದು ಸರ್ವವಿದಿತ. ಆ ಸಮ್ಮತಿಯಲ್ಲಿ ಪ್ರಾಣವೂ ಅಡಕವೇ? 1975ರ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದವರು ನ್ಯಾಯಾಲಯಗಳ ಮೊರೆಹೊಕ್ಕಾಗ, ಸಂವಿಧಾನದ 21ನೆಯ ವಿಧಿಯ ರಕ್ಷಣೆಯನ್ನು ಬೇಡುವ ಹಕ್ಕೇ ಅಮಾನತಾಗಿದೆಯೆಂದು ಸರ್ಕಾರವು ವಾದಿಸಿತು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಅದನ್ನು ಒಪ್ಪಿದರು. ಭಿನ್ನಮತವಿತ್ತವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಸಂವಿಧಾನವು ಬರುವ ಮೊದಲೂ ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಹರಿಸುವ ಅಧಿಕಾರವು ರಾಜ್ಯಕ್ಕಿರಲಿಲ್ಲ. ಆದುದರಿಂದ ಈ ಹಕ್ಕಿಗೆ 21ನೆಯ ವಿಧಿಯೊಂದೇ ನೆಲೆಯಲ್ಲವೆಂಬುದು ಅವರ ನಿರ್ಣಯ. ವಾಚಕರು ಇದನ್ನು ನಿಧಾನವಾಗಿ ಮನನಮಾಡಬೇಕು. ಕೊಟ್ಟವನು ಹಿಂದೆಗೆದುಕೊಂಡಾನು; ಕೊಡದವನು ಹಿಂದೆಗೆಯುವುದೇನನ್ನು? 1978ರ 44ನೆಯ ತಿದ್ದುಪಡಿಯು 21ನೆಯ ವಿಧಿಯನ್ನು ಅಮಾನತಿನ ಕೈಗೆಟುಕದಂತೆ ಇರಿಸಿತು. ಬಹುಮತದ ಆ ತೀರ್ಪು ರದ್ದಾದುದಾದರೋ 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ.