ಮಗನ ಮಿದುಳಿನಲ್ಲಿ ನೀರುಗುಳ್ಳೆ: ಆಪರೇಷನ್ ಬೇಕೇ?

ಪ್ರಶ್ನೆ: ಎಂಟು ವರ್ಷದ ಮಗ ಜಾರಿಬಿದ್ದಾಗ ಸ್ಕ್ಯಾನ್ ಮಾಡಿಸಿದೆವು. ಮಿದುಳಿನ ಎಡಭಾಗದಲ್ಲಿ ‘ಅರಾಕ್ನಾಯ್ಡ್ ಸಿಸ್ಟ್’ ಇದೆಯಂತೆ. ಅವನು ಆರಾಮಾಗಿದ್ದಾನೆ. ಆಪರೇಷನ್ ಬೇಕೇ?
– ಒಬ್ಬ ತಾಯಿ, ಬಾದಾಮಿ

ಉತ್ತರ: ತಾಯಿ, ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಗರ್ಭದಲ್ಲಿ ಮಿದುಳಿನ ಪೊರೆ ರೂಪುಗೊಳ್ಳುವಾಗಲೇ ಅದರ ಪದರಗಳ ನಡುವೆ ನೀರಿನಂಥ ದ್ರವ ತುಂಬಿ ಆಗುವ ಚೀಲವಿದು. ಗಂಡುಮಕ್ಕಳಲ್ಲಿ, ಅದರಲ್ಲೂ ಎಡಗಡೆ, ಹೆಚ್ಚು. ಬಸುರಿಯಾಗಿದ್ದಾಗ ನೀವು ಉಂಡದ್ದು, ದುಡಿದದ್ದು ಇದಕ್ಕೆ ಕಾರಣವಲ್ಲ. ಆ ಕೊರಗನ್ನು ಬಿಟ್ಟುಬಿಡಿ.

ಮೊದಲು ರೋಗನಿರ್ಣಯ ಗಟ್ಟಿಯಾಗಲಿ. ನಮ್ಮಲ್ಲಿ ಮಿದುಳಿನ ಗುಳ್ಳೆಗಳೆಲ್ಲ ಹುಟ್ಟಿನಿಂದ ಬಂದವಲ್ಲ. ಲಾಡಿಹುಳುವಿನ ಮರಿಗಳಿಂದಲೂ ಆಗುತ್ತವೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಎಂಆರ್‌ಐ ಈ ವ್ಯತ್ಯಾಸವನ್ನು ತೋರಿಸುತ್ತದೆ. ಎಪಿಡರ್ಮಾಯ್ಡ್ ಎಂಬ ಇನ್ನೊಂದು ಜನ್ಮಜಾತ ಗುಳ್ಳೆಯನ್ನು ಎಂಆರ್‌ಐನ ‘ಡಿಫ್ಯೂಷನ್’ ಚಿತ್ರ ಗುರುತಿಸುತ್ತದೆ.

ತೊಂದರೆ ಕೊಡದ ಗುಳ್ಳೆಗೆ ಆಪರೇಷನ್ ಬೇಡ. ವೈದ್ಯರು ಹೇಳಿದಾಗ ಮತ್ತೆ ಸ್ಕ್ಯಾನ್ ಮಾಡಿಸಿದರೆ ಸಾಕು. ಗುಳ್ಳೆ ಮಿದುಳನ್ನು ಒತ್ತುತ್ತಿದ್ದರೆ ಎಂಡೋಸ್ಕೋಪಿನಿಂದ ರಂಧ್ರ ಮಾಡಿ ದ್ರವಕ್ಕೆ ದಾರಿ ಬಿಡಿಸುತ್ತಾರೆ, ಇಲ್ಲವೇ ಸಣ್ಣ ಕೊಳವೆಯಿಂದ ಹೊಟ್ಟೆಗೆ ಹರಿಸುತ್ತಾರೆ.

ಮಗನನ್ನು ಶಾಲೆಗೆ, ಬನಶಂಕರಿ ಜಾತ್ರೆಗೆ ಧಾರಾಳವಾಗಿ ಕಳಿಸಿ. ತಲೆಗೆ ಪೆಟ್ಟು ಬಿದ್ದರೆ ಅಪರೂಪಕ್ಕೆ ಗುಳ್ಳೆಯೊಳಗೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ಕುಸ್ತಿ, ಕಬಡ್ಡಿಯ ಬಗ್ಗೆ ನರಶಸ್ತ್ರಚಿಕಿತ್ಸಕರನ್ನು ಕೇಳಿಯೇ ನಿರ್ಧರಿಸಿ. ಹೆಚ್ಚುತ್ತಿರುವ ತಲೆನೋವು, ಬೆಳಗಿನ ವಾಂತಿ, ಫಿಟ್ಸ್, ಮಂಪರು, ದೃಷ್ಟಿ ಮಂಜಾಗುವುದು – ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಾಗಲಿ (ಹಿಂದಿನ ಕಿಮ್ಸ್) ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಒಮ್ಮೆ ತೋರಿಸಿ. ಬರೀ ವರದಿ ಸಾಲದು, ಸ್ಕ್ಯಾನಿನ ಸಿಡಿ ಮತ್ತು ರೇಷನ್ ಕಾರ್ಡನ್ನು ಮರೆಯದೆ ಒಯ್ಯಿರಿ.