ಹಸಿರನ್ನು ನಂಬುವ ಮೊದಲು

ಮಗಳೇ, ಬೈರಮಂಗಲದ ಕೆರೆ ಕೆಳಗೆ ಎರಡು ಎಕರೆ ಗುತ್ತಿಗೆ ಹಿಡಿದಿದ್ದೀಯ. ನಿನ್ನ ವಯಸ್ಸಿನವರು ಮಣ್ಣಿಗೆ ಮರಳಿದರೆ ನನಗಿಂತ ಹಿಗ್ಗುವವರು ಯಾರು? ಆದರೆ ಮೊನ್ನೆ ನೀನು, "ದೊಡ್ಡಪ್ಪ, ಮಣ್ಣು ಕೆಟ್ಟಿದ್ದರೆ ಪೈರು ಇಷ್ಟು ಹಸಿರಾಗಿ ಇರ್ತಿತ್ತಾ?" ಅಂದೆಯಲ್ಲ, ಆ ಮಾತು ಇನ್ನೂ ಕೊರೆಯುತ್ತಿದೆ.

ಅಲ್ಲಿಗೆ ಬರುವುದು ವೃಷಭಾವತಿಯ ನೀರು. ಬೆಂಗಳೂರಿನ ಚರಂಡಿಯನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ತರುತ್ತದೆ. ಚರಂಡಿ ನೀರಲ್ಲಿ ಸಾರಜನಕ ಧಾರಾಳ. ನೀನು ಕಂಡ ಹಸಿರು ಅದರದ್ದು. ಕಾರ್ಖಾನೆಯ ಕೊಳೆಯಿಂದ ಮಣ್ಣಿಗೆ ಭಾರಲೋಹ ಸೇರಿದೆಯೋ ಇಲ್ಲವೋ ಅನ್ನುವುದನ್ನು ಎಲೆಯ ಬಣ್ಣ ಹೇಳುವುದಿಲ್ಲ.

ಗಿಡ ವಿಷವನ್ನು ತಾಳಿಕೊಳ್ಳುವ ಬಗೆ ಗೊತ್ತಾದರೆ ನಿನಗೇ ಅರ್ಥವಾಗುತ್ತದೆ. ಭತ್ತದ ಬೇರು ಮ್ಯಾಂಗನೀಸಿಗೆಂದು ಇಟ್ಟುಕೊಂಡ ಬಾಗಿಲಲ್ಲೇ ಕ್ಯಾಡ್ಮಿಯಂ ಎಂಬ ವಿಷಲೋಹವೂ ನುಸುಳುತ್ತದೆ. ಒಳಬಂದದ್ದನ್ನು ಗಿಡ ಗಂಧಕವಿರುವ ಪುಟ್ಟ ಸರಪಳಿಗಳಿಂದ ಕಟ್ಟಿ ಜೀವಕೋಶದ ರಸದಾನಿಯಲ್ಲಿ ಕೂಡಿಹಾಕುತ್ತದೆ. ಫೈಟೋಕೆಲಾಟಿನ್ ಎಂಬ ಆ ಸರಪಳಿಯನ್ನು ಜರ್ಮನಿಯ ವಿಜ್ಞಾನಿಗಳು 1985ರಲ್ಲಿ ಗುರುತಿಸಿದರು. ಗಿಡ ಬದುಕಿತು, ನಿಜ. ವಿಷ ಎಲ್ಲಿಗೂ ಹೋಗಲಿಲ್ಲ.

ಜಪಾನಿನ ಜಿಂಜೂ ನದಿ ಬಯಲಿನವರು ಇದನ್ನು ಮೈಮೇಲೆ ಅನುಭವಿಸಿದರು. ಮೇಲಿನ ಗಣಿಯ ಕ್ಯಾಡ್ಮಿಯಂ ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ಮುರಿಯತೊಡಗಿತು. ಹೆಚ್ಚು ನರಳಿದವರು ಹೆತ್ತ ಹೆಂಗಸರು. ಅವರು ಕೂಗುತ್ತಿದ್ದ "ಇತಾಯ್, ಇತಾಯ್", ಅಂದರೆ "ನೋವು, ನೋವು", ಕಾಯಿಲೆಗೇ ಹೆಸರಾಯಿತು. ಅದು ಮಾಲಿನ್ಯದ ಕಾಯಿಲೆ ಎಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಅದೇ ದೇಶದವರು ಆಮೇಲೆ ಭತ್ತವನ್ನೇ ಮಣ್ಣು ತೊಳೆಯಲು ಹಚ್ಚಿದರು. ಕ್ಯಾಡ್ಮಿಯಂ ಹೆಚ್ಚು ಹೀರುವ ಚೋಕೋಕೋಕು ತಳಿಯನ್ನು ಬೆಳೆದು, ನೀರು ಬಸಿದು ಗದ್ದೆ ಒಣಗಿಸಿದರು. ನೀರು ನಿಂತ ಕೆಸರಲ್ಲಿ ಕ್ಯಾಡ್ಮಿಯಂ ಗಂಧಕದ ಜೊತೆ ಗಟ್ಟಿಯಾಗಿ ಕೂತಿರುತ್ತದೆ, ಗಾಳಿಯಾಡಿದರೆ ಬಿಡಿಸಿಕೊಂಡು ಬೇರಿಗೆ ಸಿಗುತ್ತದೆ. ಎರಡು ವರ್ಷ ಹೀಗೆ ಬೆಳೆದ ಒಂದು ಪ್ರಯೋಗದಲ್ಲಿ ಮಣ್ಣಿನ ಕ್ಯಾಡ್ಮಿಯಂ ಶೇ. 38ರಷ್ಟು ಇಳಿಯಿತು, ಆಮೇಲೆ ಬೆಳೆದ ಊಟದ ಅಕ್ಕಿಯಲ್ಲಿ ಶೇ. 47ರಷ್ಟು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಕೇಳು. ತೊಳೆಯುವ ಬೆಳೆಗೆ ಗದ್ದೆ ಒಣಗಬೇಕು, ಉಣ್ಣುವ ಬೆಳೆಗೆ ತೆನೆ ಬರುವ ಹೊತ್ತಲ್ಲಿ ನೀರು ನಿಂತಿರಬೇಕು. ಆರ್ಸೆನಿಕ್ ಇದ್ದರೆ ಎಲ್ಲ ತಿರುವುಮುರುವು: ನೀರು ನಿಲ್ಲಿಸಿದಷ್ಟೂ ಅದು ಅಕ್ಕಿಗೆ ಏರುತ್ತದೆ. ಯಾವ ಲೋಹ ಅಂತ ತಿಳಿಯದೆ ತೂಬು ಮುಟ್ಟಬೇಡ.

ಸಾಸಿವೆ ಬಿತ್ತಿದರೆ ಸೀಸವೆಲ್ಲ ಹೋಗುತ್ತದೆ ಅಂತ ಯಾರಾದರೂ ಹೇಳಿಯಾರು. ಸಾಸಿವೆ ಕ್ಯಾಡ್ಮಿಯಂ, ಸೆಲೆನಿಯಂ ಹೀರುತ್ತದೆ. ಸೀಸ ಮಾತ್ರ ಬಹುಪಾಲು ಬೇರಲ್ಲೇ ಉಳಿಯುತ್ತದೆ. ಅದನ್ನು ಮೇಲೆತ್ತಲು ಮಣ್ಣಿಗೆ ರಾಸಾಯನಿಕ ಸುರಿದರೆ ಲೋಹ ಬಾವಿಯ ನೀರಿಗೂ ಇಳಿದೀತು. ನನಗೆ ಆ ದಾರಿ ಬೇಡವೇ ಬೇಡ.

ಮಣ್ಣು ತೊಳೆಯಲು ಬೆಳೆದದ್ದನ್ನು ಹಸುವಿಗೆ ಹಾಕಬೇಡ, ತಿಪ್ಪೆಗೂ ಹಾಕಬೇಡ. ತಿಪ್ಪೆಗೆ ಹೋದದ್ದು ಮರುವರ್ಷ ಗೊಬ್ಬರವಾಗಿ ಅದೇ ಹೊಲಕ್ಕೆ ಬರುತ್ತದೆ. ಕಟಾವು ಮಾಡುವ ಮುಂಚೆಯೇ ಅದನ್ನು ಎಲ್ಲಿಗೆ ಸಾಗಿಸುವುದು ಎಂದು ಗೊತ್ತಿರಬೇಕು. ಕೊಳೆ ನೀರು ಹರಿದು ಬರುತ್ತಲೇ ಇದ್ದರಂತೂ ಯಾವ ಗಿಡವೂ ಗೆಲ್ಲಲಾರದು. ನದಿಯ ಸಲುವಾಗಿ ಊರವರ ಜೊತೆ ನೀನೂ ದನಿ ಎತ್ತಬೇಕು.

ಈ ಹಂಗಾಮಿಗೆ ಪಾಲಕ್, ದಂಟು ಬೇಡ. ಸೊಪ್ಪಿನಲ್ಲೇ ಲೋಹ ಬೇಗ ತುಂಬುವುದು. ಚೆಂಡುಹೂವು ಹಾಕು. ಭಾನುವಾರ ನಾನು ಬರುತ್ತೇನೆ. ಹೊಲದ ಹತ್ತು ಕಡೆ ಗೇಣುದ್ದ ಗುಳಿ ತೆಗೆದು, ಮಣ್ಣು ಬೆರೆಸಿ ನೆರಳಲ್ಲಿ ಒಣಗಿಸೋಣ. ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೇ ಸಾಲದು, ಭಾರಲೋಹವನ್ನೂ ನೋಡಿ ಅಂತ ಬರೆದೇ ಕೊಡು. ತೂಬಿನ ನೀರನ್ನೂ ಒಂದು ಬಾಟಲಿ ತುಂಬಿಸಿಡು.