ಪಕ್ಕದ ಮನೆಯೇ ಶಾಲೆಯಾದಾಗ

ಅಮೆರಿಕದ ಜಾರ್ಜಿಯಾದಲ್ಲಿ ನೆಲೆಸಿರುವ ಕನ್ನಡದ ತಂದೆತಾಯಂದಿರಿಗೆ ಈ ಸಂದರ್ಭ ಹೊಸದಲ್ಲ. ಪಕ್ಕದ ಆಫ್ರಿಕನ್ ಅಮೆರಿಕನ್ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. ವಾರಕ್ಕೆ ಒಂದೆರಡು ದಿನ ಅಂಥ ಹಲವು ಮನೆಗಳ ಮಕ್ಕಳು ಚರ್ಚಿನ ಹಾಲ್‌ನಲ್ಲೋ ಲೈಬ್ರರಿಯ ಕೋಣೆಯಲ್ಲೋ ಸೇರುತ್ತಾರೆ. ನಿಮ್ಮ ಮಗಳೂ ಅವರ ಮಗಳೂ ಗೆಳತಿಯರು. ಏನಾದರೂ ನೆರವಾಗಬೇಕು ಎನ್ನಿಸುತ್ತದೆ. ಆದರೆ ಶಾಲೆ ಬಿಡಿಸಿದ್ದು ಸರಿಯೇ ಎಂಬ ಅಳುಕೂ ಒಳಗೊಳಗೇ ಇರುತ್ತದೆ. ಆ ಅಳುಕು ಹೋಗದೆ ಮಾಡುವ ಸಹಾಯ ಸಹಾಯವಾಗುವುದಿಲ್ಲ. ಹಾಗಾಗಿ ಮೊದಲು ಅದರ ಬಗ್ಗೆಯೇ ಮಾತಾಡೋಣ.

ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ 2020ರ ವಸಂತದಲ್ಲಿ, ಶಾಲಾ ವಯಸ್ಸಿನ ಮಕ್ಕಳಿದ್ದ ಕಪ್ಪು ಕುಟುಂಬಗಳಲ್ಲಿ ಶೇ 3.3ರಷ್ಟು ಮಾತ್ರ ಮನೆಯಲ್ಲಿ ಕಲಿಸುತ್ತಿದ್ದವು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಅದು ಶೇ 16.1ಕ್ಕೆ ಏರಿತು. ಕೊರೊನಾ ಇದಕ್ಕೊಂದು ನೆಪವಾಯಿತು ಅಷ್ಟೆ; ಅಸಮಾಧಾನ ಹಳೆಯದು. 2013-14ರ ಸರ್ಕಾರಿ ಅಂಕಿಅಂಶ ನೋಡಿ: ಸಾರ್ವಜನಿಕ ಶಾಲೆಗಳಲ್ಲಿ ಕಪ್ಪು ಮಕ್ಕಳು ಶೇ 15.5ರಷ್ಟಿದ್ದರೆ, ಸಸ್ಪೆಂಡ್ ಆದವರಲ್ಲಿ ಅವರ ಪಾಲು ಸುಮಾರು ಶೇ 39. ಶಾಲಾಪೂರ್ವ ತರಗತಿಗಳಲ್ಲಿ ಶೇ 19ರಷ್ಟಿದ್ದ ಕಪ್ಪು ಮಕ್ಕಳು ಸಸ್ಪೆಂಡ್ ಆದವರಲ್ಲಿ ಶೇ 47ರಷ್ಟಿದ್ದರು. ಅಂದರೆ ನಾಲ್ಕು ವರ್ಷದ ಕೂಸು. ಹಟ ಮಾಡಿತೆಂದು ಆ ಕೂಸನ್ನು ಮನೆಗೆ ಕಳಿಸಿದರೆ ಅದು ಕಲಿಯುವ ಪಾಠವೇನು, ಯೋಚಿಸಿ. ಇದರ ಮೇಲೆ, ತಮ್ಮ ಜನರ ಚರಿತ್ರೆ ಪಠ್ಯದಲ್ಲಿ ಗುಲಾಮಗಿರಿಯಿಂದ ಶುರುವಾಗಿ ಒಂದೆರಡು ಭಾಷಣಗಳಲ್ಲಿ ಮುಗಿದುಹೋಗುತ್ತದೆ ಎಂಬ ನೋವು. ಟೆಂಪಲ್ ವಿಶ್ವವಿದ್ಯಾಲಯದ ಅಮಾ ಮಜಾಮಾ, ಜಾರ್ಜಿಯಾ ವಿಶ್ವವಿದ್ಯಾಲಯದ ಚೆರಿಲ್ ಫೀಲ್ಡ್ಸ್-ಸ್ಮಿತ್ ಇಂಥ ಪೋಷಕರನ್ನು ಮಾತಾಡಿಸಿ ಅಧ್ಯಯನ ಮಾಡಿದ್ದಾರೆ. ಅಲ್ಲಿ ಮತ್ತೆ ಮತ್ತೆ ಕಾಣುವುದು ಮಗುವನ್ನು ಕಾಪಾಡಿಕೊಳ್ಳಬೇಕೆಂಬ ತಂದೆತಾಯಿಯ ಕಳಕಳಿ. ಓದು ಬೇಡವೆಂದು ಶಾಲೆ ಬಿಡಿಸಿದವರಲ್ಲ ಇವರು.

ಮನೆಯಲ್ಲಿ ಕೂತು ಕಲಿಯುವುದು ಈ ಸಮುದಾಯಕ್ಕೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಗುಲಾಮಗಿರಿಯ ಕಾಲದಲ್ಲಿ ಜಾರ್ಜಿಯಾದಲ್ಲಿ ಕಪ್ಪು ಜನರಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. 1848ರಲ್ಲಿ ಗುಲಾಮಳಾಗಿಯೇ ಹುಟ್ಟಿದ ಸೂಸಿ ಕಿಂಗ್ ಟೇಲರ್, 1902ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಸವಾನಾ ಊರಿನ ಒಂದು ಗುಟ್ಟಿನ ಶಾಲೆಯ ಬಗ್ಗೆ ಬರೆದಿದ್ದಾರೆ. ವುಡ್‌ಹೌಸ್ ಎಂಬ ಸ್ವತಂತ್ರ ಕಪ್ಪು ಮಹಿಳೆಯ ಅಡುಗೆಮನೆಯೇ ಆ ಶಾಲೆ. ಪೊಲೀಸರ ಕಣ್ಣಿಗೆ ಬೀಳದಂತೆ ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಗೇಟು ದಾಟುತ್ತಿದ್ದರು. ಇಪ್ಪತ್ತೈದು ಮೂವತ್ತು ಮಕ್ಕಳು. ಏನೋ ಕಸುಬು ಕಲಿಯಲು ಬರುತ್ತಿದ್ದಾರೆ ಎಂದುಕೊಂಡು ನೆರೆಯವರು ಸುಮ್ಮನಿರುತ್ತಿದ್ದರು. ಹಾಗೆ ಕಲಿತ ಹುಡುಗಿ ಹದಿನಾಲ್ಕನೇ ವಯಸ್ಸಿಗೆ ಸೇಂಟ್ ಸೈಮನ್ಸ್ ದ್ವೀಪದಲ್ಲಿ, ಬಿಡುಗಡೆಯಾದ ಮಕ್ಕಳಿಗೆ ಟೀಚರ್ ಆದಳು. ಮುಂದೆ 1959ರಲ್ಲಿ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ, ಕಪ್ಪು ಮಕ್ಕಳನ್ನು ಬಿಳಿಯರ ಜೊತೆ ಕೂರಿಸಬೇಕಾಗುತ್ತದೆ ಎಂದು ಸಾರ್ವಜನಿಕ ಶಾಲೆಗಳಿಗೇ ಬೀಗ ಹಾಕಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆ ಬೀಗ ತೆರೆದದ್ದು 1964ರಲ್ಲಿ. ಅಷ್ಟು ವರ್ಷ ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಇತ್ತು. ಕಪ್ಪು ಮಕ್ಕಳಲ್ಲಿ ಎಷ್ಟೋ ಮಂದಿಗೆ ದಕ್ಕಿದ್ದು ಚರ್ಚುಗಳಲ್ಲಿ ಊರವರೇ ನಡೆಸಿದ ಪಾಠ ಮಾತ್ರ. ಪಕ್ಕದ ಮನೆಯಾಕೆ ಇಂದು ತನ್ನ ಡೈನಿಂಗ್ ಟೇಬಲ್ ಮೇಲೆ ಪುಸ್ತಕ ಹರಡಿ ಕೂರುವಾಗ ಇದೆಲ್ಲ ಆಕೆಯ ಬೆನ್ನ ಹಿಂದಿದೆ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಕಾನೂನುಬದ್ಧ. ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು. ಜಾರ್ಜಿಯಾದಲ್ಲಿ ಕಲಿಸುವ ತಂದೆ ಅಥವಾ ತಾಯಿ ಹೈಸ್ಕೂಲ್ ಮುಗಿಸಿರಬೇಕು ಇಲ್ಲವೇ ತತ್ಸಮಾನ ಪರೀಕ್ಷೆ ಪಾಸಾಗಿರಬೇಕು. ಪ್ರತಿ ವರ್ಷ ಸೆಪ್ಟೆಂಬರ್ 1ರೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ತಿಳಿಸಬೇಕು. ಓದು, ಭಾಷೆ, ಗಣಿತ, ಸಮಾಜ, ವಿಜ್ಞಾನ ಈ ಐದನ್ನು ವರ್ಷಕ್ಕೆ 180 ದಿನ, ದಿನಕ್ಕೆ ನಾಲ್ಕೂವರೆ ಗಂಟೆ ಕಲಿಸಬೇಕು. ಮೂರನೇ ತರಗತಿಯ ಕೊನೆಯಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ. ಟೆಕ್ಸಸ್‌ನಲ್ಲಿ ಸರ್ಕಾರಕ್ಕೆ ತಿಳಿಸುವ ಅಗತ್ಯವೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಂದು ವರದಿ ಕೊಡಬೇಕು. ನೆರೆಯವರಾದ ನಮಗೆ ಇದೇಕೆ ಗೊತ್ತಿರಬೇಕೆಂದರೆ, ಹಗಲು ಹನ್ನೊಂದಕ್ಕೆ ಪಾರ್ಕಿನಲ್ಲಿ ಆಡುವ ಕಪ್ಪು ಹುಡುಗನನ್ನು ಕಂಡು ಅನುಮಾನಪಡುವವರು ಮೊದಲೇ ಬಹಳ ಜನ ಇದ್ದಾರೆ. ಆ ಸಾಲಿಗೆ ನಾವು ಸೇರಬಾರದು. "ಇವತ್ತು ಶಾಲೆ ಇಲ್ವಾ?" ಎಂಬ ನಮ್ಮ ಸಹಜ ಪ್ರಶ್ನೆಯೂ ಆ ಹುಡುಗನಿಗೆ ವಿಚಾರಣೆಯಂತೆ ಕೇಳಿಸಬಹುದು.

ಇನ್ನು ನೆರವಿನ ವಿಷಯ. ಹಲವು ಮನೆಗಳ ಮಕ್ಕಳು ಹೀಗೆ ಸೇರಿ ಕಲಿಯುವ ಗುಂಪನ್ನು ಅಲ್ಲಿ ಕೋ-ಆಪ್ ಎನ್ನುತ್ತಾರೆ. ಒಬ್ಬ ತಾಯಿ ವಿಜ್ಞಾನ ತೆಗೆದುಕೊಂಡರೆ ಇನ್ನೊಬ್ಬ ತಂದೆ ಚರಿತ್ರೆ, ಯಾರದೋ ಅಜ್ಜಿ ಹೊಲಿಗೆ. ಕನ್ನಡ ಕೂಟದ ಭಾನುವಾರದ ಕನ್ನಡ ತರಗತಿ ನಡೆಸಿದ ಯಾರಿಗೂ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ: ಹಾಲ್‌ನ ಕೀ ಯಾರ ಹತ್ತಿರ, ಜೆರಾಕ್ಸ್ ಯಾರು ಮಾಡಿಸುತ್ತಾರೆ, ತಿಂಡಿ ಯಾರದು, ಆ ವಾರ ಟೀಚರಿಗೆ ಜ್ವರ ಬಂದರೆ ಏನು ಗತಿ. ಹೆಚ್ಚಿನ ಗುಂಪುಗಳಿಗೆ ಬೇಕಿರುವುದು ಈ ಸಣ್ಣ ಕೆಲಸಗಳಿಗೆ ಒಂದು ಕೈ. ಲೈಬ್ರರಿಯ ಮೀಟಿಂಗ್ ರೂಮ್ ಮುಂಚಿತವಾಗಿ ಬುಕ್ ಮಾಡಿಕೊಡುವುದು, ಕೆಲಸಕ್ಕೆ ಹೋಗುವ ತಾಯಿಯ ಮಕ್ಕಳನ್ನು ಕಾರಿನಲ್ಲಿ ಕರೆತರುವುದು. ಫೀಲ್ಡ್ಸ್-ಸ್ಮಿತ್ ಅವರು ಒಂಟಿಯಾಗಿ ಮಕ್ಕಳನ್ನು ಸಾಕುತ್ತ ಮನೆಯಲ್ಲೇ ಕಲಿಸುವ ಕಪ್ಪು ತಾಯಂದಿರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಂಥ ಮನೆಗೆ ಗುರುವಾರದ ಮೂರು ಗಂಟೆ ಬಿಡುವು ಸಿಕ್ಕರೆ ಅದು ದುಡ್ಡಿಗಿಂತ ದೊಡ್ಡದು.

ಪಾಠ ಹೇಳಬಲ್ಲವರು ಹೇಳಿ. ಹೈಸ್ಕೂಲ್ ಮಟ್ಟದ ಗಣಿತ, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಕಲಿಸಲು ಜನ ಸಿಗುವುದು ಕಷ್ಟ, ನಮ್ಮವರಲ್ಲಿ ಅಂಥವರು ಧಾರಾಳವಾಗಿದ್ದಾರೆ. ಆದರೆ ಮೊದಲು ಕೇಳಿ, "ನಿಮಗೆ ಏನು ಬೇಕಾಗಿದೆ?" ಎಂದು. ಅವರು ಆರಿಸಿಕೊಂಡ ಪುಸ್ತಕ, ಅವರು ಹಾಕಿಕೊಂಡ ಕ್ರಮದಲ್ಲೇ ಕಲಿಸಿ. ನಮ್ಮ ಮಕ್ಕಳ ಸ್ಪೆಲಿಂಗ್ ಬೀ, ಒಲಿಂಪಿಯಾಡ್, ಗ್ರೇಡುಗಳ ಲೆಕ್ಕ ಅಲ್ಲಿಗೆ ಬೇಡ. ಅಳೆಯುವ ಕಣ್ಣುಗಳಿಂದ ತಪ್ಪಿಸಲೆಂದೇ ಎಷ್ಟೋ ಮಂದಿ ಆ ಮಕ್ಕಳನ್ನು ಕರೆತಂದಿದ್ದಾರೆ. ಚರಿತ್ರೆಯ ತರಗತಿಗೆ ನಿಮ್ಮ ಮಗುವನ್ನೂ ಕರೆದರೆ ಸಂತೋಷದಿಂದ ಕಳಿಸಿ. ಅದು ತಮ್ಮ ಮಕ್ಕಳಿಗೇ ಮೀಸಲು ಎಂದರೆ ಬೇಸರಪಟ್ಟುಕೊಳ್ಳಬೇಡಿ.

ಮನೆಯೊಳಗಿನ ಮಾತಿನ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಕನ್ನಡದಲ್ಲಿ ಹೇಳಿದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲವೆಂದು ಬಣ್ಣದ ಬಗ್ಗೆ ಹಗುರವಾಗಿ ಆಡುವ ಮಾತು ನಮ್ಮ ಮಕ್ಕಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಹಗಲು ಕೋ-ಆಪ್‌ನಲ್ಲಿ ಪಾಠ ಹೇಳಿ ಸಂಜೆ ಊಟದ ಹೊತ್ತಿಗೆ ಹಾಗೆ ಮಾತಾಡಿದರೆ, ಮಗು ನಂಬುವುದು ಊಟದ ಹೊತ್ತಿನ ಮಾತನ್ನೇ.

ಕೊನೆಗೆ ಎರಡು ವ್ಯವಹಾರದ ಮಾತು. ಆ ಮಕ್ಕಳ ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ, ಒಳ್ಳೆಯ ಕೆಲಸವೆಂದರೂ ಬೇಡ. ಮತ್ತೆ, ಒಪ್ಪಿಕೊಳ್ಳುವ ಮುನ್ನ ನಿಮ್ಮ ವರ್ಷದ ಕ್ಯಾಲೆಂಡರ್ ನೋಡಿ. ವಾರಕ್ಕೊಂದು ಗಂಟೆ ಎಂದರೆ ಮೇ ತಿಂಗಳವರೆಗೂ ವಾರಕ್ಕೊಂದು ಗಂಟೆಯೇ. ಡಿಸೆಂಬರಿನಲ್ಲಿ ಆರು ವಾರ ಊರಿಗೆ ಹೋಗುವವರಿದ್ದರೆ ಅದನ್ನು ಆಗಸ್ಟ್‌ನಲ್ಲೇ ಹೇಳಿಬಿಡಿ; ಅವರು ಆ ವಾರಗಳಿಗೆ ಬೇರೆ ಟೀಚರನ್ನು ಹುಡುಕಿಕೊಳ್ಳುತ್ತಾರೆ.